ಜಮ್‌ಶೇಟ್‌ಜಿ ವಾಡಿಯಾ: ಯುದ್ಧನೌಕೆ ಕಟ್ಟಿದ ಬಡಗಿ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ ನಾನು ಹಿಂಜರಿದೆ. ಮೂವತ್ತೈದು ವರ್ಷ ಮುಂಬೈಯಲ್ಲಿ ಹಡಗು ಕಟ್ಟುವ ಕೆಲಸದಲ್ಲಿದ್ದವನು ನಾನು. ಉಕ್ಕಿನ ತಗಡು ಕೊಯ್ದು, ಬಗ್ಗಿಸಿ, ಬೆಸೆದು ರೂಢಿ, ಬರೆದು ರೂಢಿಯಿಲ್ಲ. ಶಾಲೆಯ ದಿನಗಳ ನೆನಪನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಹಲವರಿದ್ದಾರೆ. ಆದರೆ ಒಂಬತ್ತನೆಯ ತರಗತಿಯ ಒಂದು ಪಿರಿಯಡ್ ಮಾತ್ರ ನನ್ನ ಪಾಲಿಗೆ ಬಂದದ್ದು ಬೇರೆ ಯಾರಿಗೂ ಬಂದಿರಲಾರದು. ಅದನ್ನೂ, ಆ ಪಿರಿಯಡ್ಡಿನಲ್ಲಿ ಕೇಳಿದ ಒಬ್ಬ ದೊಡ್ಡ ಮನುಷ್ಯನ ಜೀವನವನ್ನೂ ತಿಳಿದಷ್ಟು ಬರೆಯುತ್ತೇನೆ.

ಆ ವರ್ಷ ಶಾಲೆಯಲ್ಲಿ ಯಾವುದೋ ಫಾರ್ಮ್ ತುಂಬಿಸಿದ್ದರು. ಅದರಲ್ಲಿ ತಂದೆಯ ಉದ್ಯೋಗ ಎಂಬ ಒಂದು ಸಾಲು. ಅಕ್ಕಪಕ್ಕದವರು ಕೃಷಿ, ಮೀನುಗಾರಿಕೆ, ಅಂಗಡಿ, ಪೋಸ್ಟಾಫೀಸು ಎಂದು ಬರೆದರು. ನನ್ನ ಅಪ್ಪ ಬಡಗಿ. ಮನೆಯ ಬಾಗಿಲು ಕಿಟಕಿ ಮಾಡುತ್ತಿದ್ದ. ಮಳೆಗಾಲ ಹತ್ತಿರ ಬಂದರೆ ಹೊಳೆಯ ದಂಡೆಯಲ್ಲಿ ದೋಣಿ, ಮಚ್ವೆಗಳ ದುರಸ್ತಿ. ಮೈಗೆಲ್ಲ ಮೀನೆಣ್ಣೆ, ರಾಳದ ವಾಸನೆ. ನನಗೆ ಹಾಗೆ ಬರೆಯಲು ನಾಚಿಕೆಯಾಯಿತು. ವ್ಯಾಪಾರ ಎಂದು ಬರೆದು ಕೊಟ್ಟೆ.

ನಮ್ಮ ಇತಿಹಾಸದ ಮಾಸ್ತರಿಗೆ ಅಪ್ಪನ ಪರಿಚಯ ಚೆನ್ನಾಗಿಯೇ ಇತ್ತು. ಅವರು ಮಲಗುತ್ತಿದ್ದ ಮಂಚ ಅಪ್ಪ ಮಾಡಿದ್ದು. ಫಾರ್ಮ್ ನೋಡಿ ಅವರು ಆಗ ಏನೂ ಹೇಳಲಿಲ್ಲ. ಮರುದಿನ ಪಾಠ ಬಿಟ್ಟು ಇಡೀ ಪಿರಿಯಡ್ ಒಬ್ಬ ಪಾರ್ಸಿ ಬಡಗಿಯ ಕಥೆ ಹೇಳಿದರು. ಗಂಟೆ ಬಾರಿಸಿದ ಮೇಲೆ ನನ್ನನ್ನು ಹತ್ತಿರ ಕರೆದು ಆ ಫಾರ್ಮನ್ನೂ ತಮ್ಮ ಪೆನ್ನನ್ನೂ ಕೈಗೆ ಕೊಟ್ಟರು. ನಾನು ವ್ಯಾಪಾರ ಎಂಬುದನ್ನು ಹೊಡೆದು ಬಡಗಿ ಎಂದು ಬರೆದೆ. ಅವರು ಫಾರ್ಮ್ ತೆಗೆದುಕೊಂಡು ಹೋದರು. ಆ ವಿಷಯವನ್ನು ಮತ್ತೆ ಎಂದೂ ಎತ್ತಲಿಲ್ಲ.

ಆ ಪಾರ್ಸಿ ಬಡಗಿಯ ಹೆಸರು ಜಮ್‌ಶೇಟ್‌ಜಿ ಬೊಮಾನ್‌ಜಿ ವಾಡಿಯಾ.

ವಾಡಿಯಾ ಎಂದರೆ ಗುಜರಾತಿಯಲ್ಲಿ ಹಡಗು ಕಟ್ಟುವವನು. ಕಸುಬೇ ಮನೆತನದ ಹೆಸರಾಯಿತು. ಈ ಮನೆತನದ ಕಥೆ ಸೂರತ್ತಿನಲ್ಲಿ ಆರಂಭವಾಗುತ್ತದೆ. ಜಮ್‌ಶೇಟ್‌ಜಿಯವರ ಅಜ್ಜ ಲವ್ಜಿ ನಸರ್ವಾನ್‌ಜಿ ಅಲ್ಲಿ ಹಡಗು ಕಟ್ಟುವ ಕಡೆ ಮೇಸ್ತ್ರಿಯಾಗಿದ್ದರು. ಸೂರತ್ ಆಗ ಪಶ್ಚಿಮ ಕರಾವಳಿಯ ದೊಡ್ಡ ಬಂದರು. ಮುಂಬೈ ಇನ್ನೂ ಬೆಳೆಯುತ್ತಿದ್ದ ದ್ವೀಪ. ಈಸ್ಟ್ ಇಂಡಿಯಾ ಕಂಪನಿಯವರು ಸೂರತ್ತಿನಲ್ಲಿ ಒಂದು ಹಡಗು ಕಟ್ಟಿಸಿದಾಗ ಲವ್ಜಿಯವರ ಕೆಲಸ ಅವರ ಕಣ್ಣಿಗೆ ಬಿತ್ತು. ಮುಂಬೈಗೆ ಬರುವಂತೆ ಕರೆದರು. 1736ರಲ್ಲಿ ಲವ್ಜಿ ಕೆಲವು ಬಡಗಿಗಳನ್ನು ಜೊತೆಗೆ ಕಟ್ಟಿಕೊಂಡು ಮುಂಬೈಗೆ ಬಂದರು. ಅಂದಿನಿಂದ 1880ರ ದಶಕದವರೆಗೆ, ಹೆಚ್ಚುಕಡಿಮೆ ನೂರೈವತ್ತು ವರ್ಷ, ಮುಂಬೈ ಡಾಕ್‌ಯಾರ್ಡಿನ ಹಡಗು ಕಟ್ಟುವ ಮುಖ್ಯಸ್ಥರ ಹುದ್ದೆ ಆ ಮನೆತನದಲ್ಲಿಯೇ ಉಳಿಯಿತು. ಬಾಂಬೆ ಡೈಯಿಂಗ್ ಚಾದರ ನೀವೆಲ್ಲ ಬಳಸಿರುತ್ತೀರಿ. ಆ ಗಿರಣಿ ಶುರುಮಾಡಿದ್ದೂ ಇದೇ ಮನೆತನದವರು.

ಲವ್ಜಿಯವರ ಕಾಲದಲ್ಲಿ, 1750ರ ಹೊತ್ತಿಗೆ, ಮುಂಬೈಯಲ್ಲಿ ಕಲ್ಲಿನ ಡ್ರೈ ಡಾಕ್ ತಯಾರಾಯಿತು. ಡ್ರೈ ಡಾಕ್ ಎಂದರೇನೆಂದು ಮಕ್ಕಳಿಗಾಗಿ ಹೇಳುತ್ತೇನೆ. ಸಮುದ್ರದ ಅಂಚಿನಲ್ಲಿ ದೊಡ್ಡ ಕೆರೆಯಂಥ ಗುಂಡಿ ತೋಡಿ ಕಲ್ಲು ಕಟ್ಟುತ್ತಾರೆ. ಸಮುದ್ರದ ಕಡೆಗೆ ಬಾಗಿಲು. ಭರತದ ಹೊತ್ತಿಗೆ ಹಡಗನ್ನು ಒಳಗೆ ತಂದು, ನೀರು ಇಳಿದ ಮೇಲೆ ಬಾಗಿಲು ಮುಚ್ಚಿ, ಉಳಿದ ನೀರು ತೆಗೆದರೆ ಹಡಗಿನ ತಳ ಒಣ ನೆಲದ ಮೇಲೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೊಂದು ಭರತಕ್ಕೆ ನೀರು ಬಿಟ್ಟರೆ ಹಡಗು ತಾನೇ ಎದ್ದು ತೇಲುತ್ತದೆ. ನಮ್ಮ ಗಜನಿ ಗದ್ದೆಯ ಬಾಗಿಲು ತೆಗೆದು ಹಾಕುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ.

ಇಷ್ಟು ದೊಡ್ಡ ಹುದ್ದೆಯ ಅಜ್ಜ ತನ್ನ ಮೊಮ್ಮಕ್ಕಳನ್ನು ಏನು ಮಾಡಿದರು ಎಂಬುದೇ ಮಾಸ್ತರು ಅಂದು ಎರಡು ಸಲ ಹೇಳಿದ ಮಾತು. ಜಮ್‌ಶೇಟ್‌ಜಿ ಮತ್ತು ದೊಡ್ಡಪ್ಪನ ಮಗ ಫ್ರಾಮ್‌ಜಿ ಇಬ್ಬರನ್ನೂ ತಿಂಗಳಿಗೆ 12 ರೂಪಾಯಿ ಸಂಬಳದ ಬಡಗಿಗಳಾಗಿ ಯಾರ್ಡಿಗೆ ಸೇರಿಸಿದರು. ಮೊಮ್ಮಕ್ಕಳೆಂದು ಕುರ್ಚಿ ಹಾಕಿ ಕೂರಿಸಲಿಲ್ಲ. ಬಾಚಿ, ಉಳಿ, ಗರಗಸ ಹಿಡಿಸಿದರು. ಮರದ ನೂಲು ಯಾವ ಕಡೆ ಓಡುತ್ತದೆ, ಯಾವ ಕೊಂಬೆಯ ಬಾಗು ಯಾವ ಪಕ್ಕೆಲುಬಿಗೆ ಹೊಂದುತ್ತದೆ ಎಂಬುದು ಮರ ಕೊಯ್ದವನಿಗೇ ತಿಳಿಯಬೇಕು. ಅಜ್ಜ 1774ರಲ್ಲಿ ತೀರಿಕೊಂಡರು. ಆಮೇಲೆ ಅಪ್ಪ, ದೊಡ್ಡಪ್ಪ. ಅವರ ನಂತರ 1790ರ ದಶಕದ ಆರಂಭದಲ್ಲಿ ಹುದ್ದೆ ಈ ಇಬ್ಬರಿಗೆ ಬಂತು. ಫ್ರಾಮ್‌ಜಿ 1804ರಲ್ಲಿ ತೀರಿಕೊಂಡ ಮೇಲೆ ಯಾರ್ಡಿನ ಹೊಣೆ ಮುಖ್ಯವಾಗಿ ಜಮ್‌ಶೇಟ್‌ಜಿಯವರ ಹೆಗಲಿಗೆ ಬಿತ್ತು.

ಅದು ಯುರೋಪಿನಲ್ಲಿ ನೆಪೋಲಿಯನ್ನನ ಯುದ್ಧಗಳ ಕಾಲ. ಇಂಗ್ಲೆಂಡಿನ ಹಡಗುಗಳೆಲ್ಲ ಓಕ್ ಮರದವು. ಯುದ್ಧದ ಮೇಲೆ ಯುದ್ಧ ಬಂದು ಒಳ್ಳೆಯ ಓಕ್ ಸಿಗುವುದೇ ಕಷ್ಟವಾಗಿತ್ತು. ಓಕ್ ಮರದಲ್ಲಿ ಒಂದು ಬಗೆಯ ಹುಳಿ ಇರುತ್ತದೆ. ಅದು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ನಮ್ಮ ಸಾಗುವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಮರವೂ ಬೇಗ ಕೊಳೆಯುವುದಿಲ್ಲ, ಮೊಳೆಯೂ ಬಾಳುತ್ತದೆ, ಗೆದ್ದಲೂ ಹತ್ತಿರ ಸುಳಿಯುವುದಿಲ್ಲ. ಮುಂಬೈಯಲ್ಲಿ ಕಟ್ಟಿದ ಸಾಗುವಾನಿ ಹಡಗು ಓಕ್ ಹಡಗಿಗಿಂತ ಬಹಳ ವರ್ಷ ಹೆಚ್ಚು ಬಾಳುತ್ತದೆ ಎಂಬುದು ಕಂಪನಿಯವರಿಗೆ ಲೆಕ್ಕಕ್ಕೆ ಸಿಕ್ಕಿತ್ತು. ಹಲಗೆಗಳ ಅಂಚನ್ನು ಕೊರೆದು ಒಂದಕ್ಕೊಂದು ಕಚ್ಚಿಸಿ, ನಡುವೆ ಹತ್ತಿ ಮತ್ತು ರಾಳ ತುಂಬುವ ಪಶ್ಚಿಮ ಕರಾವಳಿಯ ಕಸುಬೂ ಇವರ ಕೈಯಲ್ಲಿತ್ತು.

1800ರಲ್ಲಿ ಜಮ್‌ಶೇಟ್‌ಜಿ ಕಂಪನಿಗಾಗಿ ಕಾರ್ನ್‌ವಾಲಿಸ್ ಎಂಬ ಫ್ರಿಗೇಟ್ ಕಟ್ಟಿದರು. ಫ್ರಿಗೇಟ್ ಎಂದರೆ ಮಧ್ಯಮ ಗಾತ್ರದ, ಚುರುಕಾದ ಯುದ್ಧನೌಕೆ. ಅದು ಎಷ್ಟು ಚೆನ್ನಾಗಿತ್ತೆಂದರೆ ಮುಂದೆ ಬ್ರಿಟಿಷ್ ನೌಕಾಪಡೆಯೇ ಅದನ್ನು ಕೊಂಡುಕೊಂಡಿತು. ನೌಕಾಪಡೆಯ ಹೊಸ ಹಡಗುಗಳನ್ನು ಮುಂಬೈಯಲ್ಲಿ ಕಟ್ಟಿಸುವ ಮಾತು ಶುರುವಾದಾಗ ಮೇಲ್ವಿಚಾರಣೆಗೆ ಇಂಗ್ಲೆಂಡಿನಿಂದ ಒಬ್ಬ ಬಿಲ್ಡರನ್ನು ಕಳಿಸುವ ಯೋಚನೆ ಇತ್ತಂತೆ. ಕಾರ್ನ್‌ವಾಲಿಸ್ ಕಟ್ಟಿದವರು ಯಾರೆಂದು ಗೊತ್ತಾದ ಮೇಲೆ ಆ ಯೋಚನೆ ಕೈಬಿಟ್ಟರು ಎನ್ನುತ್ತಾರೆ. ಎಲ್ಲರೂ ಒಪ್ಪಿದರೆಂದಲ್ಲ. ಥೇಮ್ಸ್ ನದಿಯ ದಂಡೆಯ ಹಡಗು ಕಟ್ಟುವವರು ಭಾರತದಲ್ಲಿ ಕಟ್ಟಿದ ಹಡಗು ಬೇಡವೆಂದು ಗದ್ದಲವನ್ನೇ ಎಬ್ಬಿಸಿದ್ದರು. ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಭಯ ಅವರದು. ಆದರೂ ಕೆಲಸ ಬಂತು. 1805ರಲ್ಲಿ ನೌಕಾಪಡೆಯ ಮೊದಲ ಸಾಗುವಾನಿ ಫ್ರಿಗೇಟ್ ಮುಂಬೈಯಲ್ಲಿ ನೀರಿಗಿಳಿಯಿತು.

ಈ ಕಾರ್ನ್‌ವಾಲಿಸ್ ಬಗ್ಗೆ ಒಂದು ಕಥೆಯಿದೆ. ಹಡಗಿನ ತಳದಲ್ಲಿ, ಬೆನ್ನುಮೂಳೆಯಂತಿರುವ ಕೀಲ್ ಎಂಬ ತೊಲೆಯ ಮೇಲೆ, ಒಳಗಡೆ ಇನ್ನೊಂದು ತೊಲೆ ಕೂರಿಸುತ್ತಾರೆ. ಹಡಗು ಮುಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಜಮ್‌ಶೇಟ್‌ಜಿ ಆ ತೊಲೆಯ ಮೇಲೆ ಉಳಿಯಿಂದ ಒಂದು ಸಾಲು ಕೊರೆದಿದ್ದರಂತೆ. ಈ ಹಡಗನ್ನು ಕಟ್ಟಿದವನು ಒಬ್ಬ ಹಾಳು ಕರಿಯ ಎಂಬ ಅರ್ಥದ ಇಂಗ್ಲಿಷ್ ಮಾತು, ಜೊತೆಗೆ 1800 ಎಂಬ ಇಸವಿ. ಬಹಳ ವರ್ಷಗಳ ಬಳಿಕ ಹಡಗು ದುರಸ್ತಿಗೆ ಡಾಕಿಗೆ ಬಂದಾಗ ಅದು ಹೊರಬಿತ್ತು ಎಂದು ಹೇಳುತ್ತಾರೆ. ಯಾರ್ಡಿನಲ್ಲಿ ಅವರ ಕಿವಿಗೆ ಬೀಳುತ್ತಿದ್ದ ಬೈಗುಳವೇ ಅದಿರಬೇಕು. ಎದುರು ನಿಂತು ಉತ್ತರ ಕೊಡುವ ಕಾಲವಲ್ಲ. ಬೈದವರ ಮಾತನ್ನೇ ಅವರ ಹಡಗಿನ ಹೊಟ್ಟೆಯಲ್ಲಿ ಬರೆದಿಟ್ಟರು. ಇದನ್ನು ಹೇಳುವಾಗ ಮಾಸ್ತರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅಳುತ್ತಿದ್ದೆ.

ದೊಡ್ಡ ಪರೀಕ್ಷೆ ಬಂದದ್ದು ಮಿಂಡೆನ್ ಹಡಗಿನಲ್ಲಿ. ಅದು 74 ತೋಪುಗಳ ಯುದ್ಧನೌಕೆ. ಸಾಲುಗಟ್ಟಿ ನಿಂತು ಎದುರಿನ ನೌಕಾಪಡೆಯೊಂದಿಗೆ ಕಾದಾಡುವ ದರ್ಜೆಯದು. ಉದ್ದ ಸುಮಾರು 170 ಅಡಿ. ಬ್ರಿಟಿಷ್ ನೌಕಾಪಡೆಗೆ ಈ ದರ್ಜೆಯ ಹಡಗನ್ನು ಬ್ರಿಟನ್ನಿನ ಹೊರಗೆ ಅದುವರೆಗೆ ಯಾರೂ ಕಟ್ಟಿಕೊಟ್ಟಿರಲಿಲ್ಲ. ಇದಕ್ಕಾಗಿ ದೊಡ್ಡ ಡಾಕ್ ಬೇಕಾಯಿತು. 1807ರಲ್ಲಿ ಕೆಲಸ ಹಿಡಿದು 1810ರಲ್ಲಿ ಮುಗಿಸಿದರು. ಆಗಿನ ಗವರ್ನರ್ ಜೊನಾಥನ್ ಡಂಕನ್ ಹೆಸರಿನಲ್ಲಿ ಅದಕ್ಕೆ ಡಂಕನ್ ಡಾಕ್ ಎಂದು ಹೆಸರಾಯಿತು. 1810ರ ಜೂನ್ 19ರಂದು ಮಿಂಡೆನ್ ಆ ಡಾಕಿನಿಂದ ತೇಲಿ ಹೊರಬಂತು. ಜೂನ್ ಹತ್ತೊಂಬತ್ತೆಂದರೆ ನಮ್ಮ ಕರಾವಳಿಯಲ್ಲಿ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮೀನುಗಾರರು ದೋಣಿ ಮೇಲಕ್ಕೆಳೆದು ತಟ್ಟಿ ಕಟ್ಟಿ ಕೂತಿರುವ ಹೊತ್ತಿಗೆ ಇವರು ಆ ಬೆಟ್ಟದಂಥ ಹಡಗನ್ನು ನೀರಿಗೆ ಬಿಟ್ಟರು.

ಮಿಂಡೆನ್ ಬಗ್ಗೆ ಒಂದು ತಪ್ಪು ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಮೆರಿಕದ ರಾಷ್ಟ್ರಗೀತೆಯನ್ನು ಫ್ರಾನ್ಸಿಸ್ ಸ್ಕಾಟ್ ಕೀ ಈ ಹಡಗಿನ ಮೇಲೆ ಬರೆದ ಎಂದು. ನಾನೂ ಹಲವು ವರ್ಷ ಹೆಮ್ಮೆಯಿಂದ ಹಾಗೆಯೇ ಹೇಳಿಕೊಂಡು ತಿರುಗಿದ್ದೇನೆ. ಆದರೆ ಕೀ ಆಗ ಇದ್ದದ್ದು ಸಂಧಾನಕ್ಕೆಂದು ಹೋಗಿದ್ದ ಅಮೆರಿಕದ ಒಂದು ಹಡಗಿನಲ್ಲಿ. ಜಮ್‌ಶೇಟ್‌ಜಿಯವರಿಗೆ ಈ ಸುಳ್ಳು ಕಿರೀಟ ಬೇಕಾಗಿಯೇ ಇಲ್ಲ. ಅವರ ನಿಜವಾದ ಪಟ್ಟಿಯೇ ಸಾಕಷ್ಟು ಉದ್ದವಿದೆ.

1813ರಲ್ಲಿ 74 ತೋಪುಗಳ ಇನ್ನೊಂದು ಹಡಗು. ಅದಕ್ಕೂ ಕಾರ್ನ್‌ವಾಲಿಸ್ ಎಂದೇ ಹೆಸರು. 1815ರಲ್ಲಿ ವೆಲ್ಲೆಸ್ಲಿ. 1817ರಲ್ಲಿ ಮೆಲ್ವಿಲ್, ಅದೇ ವರ್ಷ ಟ್ರಿಂಕೊಮಲೀ. ವೆಲ್ಲೆಸ್ಲಿ ಬಾಳಿದ್ದು ನೂರಾ ಇಪ್ಪತ್ತೈದು ವರ್ಷ. ಕೊನೆಗೂ ಅದು ಕೊಳೆತು ಹೋಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಥೇಮ್ಸ್ ನದಿಯಲ್ಲಿ ನಿಂತಿದ್ದಾಗ ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕಿ ಮುಳುಗಿತು.

ಟ್ರಿಂಕೊಮಲೀಯ ಕಥೆ ಇನ್ನೂ ಸ್ವಾರಸ್ಯದ್ದು. ಇಂಗ್ಲೆಂಡಿನಿಂದ ಅದರ ನಕ್ಷೆಯನ್ನು ಜಾವಾ ಎಂಬ ಹಡಗಿನಲ್ಲಿ ಕಳಿಸಿದ್ದರು. 1812ರ ಕೊನೆಯಲ್ಲಿ ಅಮೆರಿಕದವರೊಂದಿಗಿನ ಕಾಳಗದಲ್ಲಿ ಜಾವಾ ನಾಶವಾಯಿತು, ನಕ್ಷೆಯೂ ಹೋಯಿತು. ಮತ್ತೆ ಪ್ರತಿ ಮಾಡಿಸಿ ಕಳಿಸಬೇಕಾಯಿತು. 1816ರಲ್ಲಿ ಕೀಲ್ ಇಟ್ಟರು. ಪಾರ್ಸಿ ಪದ್ಧತಿಯಂತೆ ಜಮ್‌ಶೇಟ್‌ಜಿ ತಮ್ಮ ಕೈಯಾರೆ ಕೀಲಿಗೆ ಒಂದು ಬೆಳ್ಳಿಯ ಮೊಳೆ ಹೊಡೆದರು. ನಮ್ಮಲ್ಲಿ ಮನೆಯ ಬಾಗಿಲು ನಿಲ್ಲಿಸುವಾಗ ಪೂಜೆ ಮಾಡುತ್ತೇವಲ್ಲ, ಹಾಗೆ. 1817ರ ಅಕ್ಟೋಬರ್ 12ರಂದು ಅದು ನೀರಿಗಿಳಿಯಿತು. ಇನ್ನೂರು ವರ್ಷ ದಾಟಿದರೂ ಅದು ಇಂದಿಗೂ ತೇಲುತ್ತಿದೆ. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬ ಊರಿನಲ್ಲಿ ಜನ ಟಿಕೆಟ್ ತೆಗೆದು ನೋಡುತ್ತಾರೆ. ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಮುಂಬೈಯ ಬಡಗಿಗಳು ಕಟ್ಟಿದ್ದು. ಆ ದೇಶದಲ್ಲಿರುವ ನನ್ನ ಮಗಳು ಒಮ್ಮೆ ಅಲ್ಲಿಗೆ ಹೋಗಿ ಫೋನಿನಲ್ಲಿ ಒಳಗೆಲ್ಲ ತೋರಿಸಿದಳು. ತೊಲೆಗೆ ಕೈ ಇಡು ಎಂದೆ. ಇಟ್ಟಳು.

ಕಂಪನಿಯವರು ಜಮ್‌ಶೇಟ್‌ಜಿಯವರಿಗೆ ಗೌರವವಾಗಿ ಬೆಳ್ಳಿಯ ಅಳತೆಗೋಲು ಕೊಟ್ಟಿದ್ದರು. ಅವರ ಒಂದು ಚಿತ್ರ ಲಂಡನ್ನಿನ ಗ್ರೀನಿಚ್ ನೌಕಾ ಸಂಗ್ರಹಾಲಯದಲ್ಲಿದೆ. ಬಿಳಿ ಅಂಗಿ, ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿದ ಅಳತೆಗೋಲು. ದೊಡ್ಡ ಮನುಷ್ಯರು ಚಿತ್ರ ಬರೆಸಿಕೊಳ್ಳುವಾಗ ಕತ್ತಿಯನ್ನೋ ಪುಸ್ತಕವನ್ನೋ ಹಿಡಿದು ನಿಲ್ಲುವುದುಂಟು. ಇವರು ತಮ್ಮ ಕಸುಬಿನ ಸಲಕರಣೆ ಇಟ್ಟುಕೊಂಡು ನಿಂತರು.

1821ರ ಆಗಸ್ಟ್ 31ರಂದು ಅವರು ತೀರಿಕೊಂಡರು. ಗ್ಯಾಂಜಸ್ ಎಂಬ ದೊಡ್ಡ ಯುದ್ಧನೌಕೆ ಆಗ ಡಾಕಿನಲ್ಲಿ ಮುಗಿಯುವ ಹಂತದಲ್ಲಿತ್ತು. ಮೂರು ತಿಂಗಳೊಳಗೆ ಅದು ನೀರಿಗಿಳಿಯಿತು, ಅವರು ನೋಡಲಿಲ್ಲ. ಮಗ ನವ್‌ರೋಜಿ ಕೆಲಸ ಮುಂದುವರಿಸಿದರು. ಆಮೇಲೆ ಉಗಿ ಬಂತು, ಕಬ್ಬಿಣ ಬಂತು. ಮನೆತನದ ಇಬ್ಬರು ಹುಡುಗರು 1838ರಲ್ಲಿ ಉಗಿಹಡಗಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದರು. ಇದೇ ಮನೆತನದ ಅರ್ದೇಶಿರ್ ಕರ್ಸೆಟ್‌ಜಿ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯ. ಆದರೆ ಮರದ ಹಡಗಿನ ಕಾಲ ಮುಗಿಯುತ್ತಾ ಬಂದಿತ್ತು.

ಜೀವನ ಬರೆಯುವಾಗ ಹೊಗಳಿ ಮುಗಿಸಿಬಿಡುವುದು ಸುಲಭ. ಆದರೆ ಆ ಹಡಗುಗಳು ಏನು ಮಾಡಿದವು ಎಂಬುದನ್ನೂ ಹೇಳಬೇಕು. ಎರಡನೆಯ ಕಾರ್ನ್‌ವಾಲಿಸ್ ಅಫೀಮು ಯುದ್ಧಕ್ಕೆ ಹೋಯಿತು. 1842ರಲ್ಲಿ ಚೀನಾದವರು ಹಾಂಗ್‌ಕಾಂಗ್ ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ಹಡಗಿನ ಮೇಲೆಯೇ. ನಮ್ಮ ಸಾಗುವಾನಿ, ನಮ್ಮ ಬಡಗಿಯ ಕೈ. ಯುದ್ಧ ಮಾತ್ರ ಬೇರೆಯವರದು. ಕಾಡಿಗೂ ಪೆಟ್ಟು ಬಿತ್ತು. ಹಡಗಿಗೆ ಸಾಗುವಾನಿ ಕೈತಪ್ಪಬಾರದೆಂದು 1806ರಲ್ಲಿ ಮಲಬಾರ್, ತಿರುವಾಂಕೂರಿನ ಕಾಡುಗಳಿಗೆ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಸಂರಕ್ಷಕನೆಂದು ನೇಮಿಸಿದರು. ತಮ್ಮ ಜಮೀನಿನ ಸಾಗುವಾನಿಯ ಮೇಲೂ ಜನರಿಗೆ ಹಕ್ಕಿಲ್ಲದಂತಾಯಿತು. ವ್ಯಾಪಾರಿಗಳೂ ರೈತರೂ ಗೋಳಾಡಿದರು. 1823ರಲ್ಲಿ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಕೂವೆಮರಕ್ಕೆ ಬೇಕಾದ ನೆಟ್ಟಗಿನ ಮರ, ನಮ್ಮ ಸುರಹೊನ್ನೆಯ ಬಳಗದ್ದು, ನಮ್ಮ ಕನ್ನಡ ಜಿಲ್ಲೆಯ ಘಟ್ಟದ ಕಾಡಿನಿಂದಲೂ ಹೋಗುತ್ತಿತ್ತು.

ಎಸ್ಸೆಸ್ಸೆಲ್ಸಿಯ ಬಳಿಕ ನಾನು ಐಟಿಐ ಮುಗಿಸಿ ಮುಂಬೈಗೆ ಹೋದೆ. ಯುದ್ಧನೌಕೆ ಕಟ್ಟುವ ಯಾರ್ಡಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದೆ. ಸ್ವತಂತ್ರ ಭಾರತದ ಮೊದಲ ದೊಡ್ಡ ಯುದ್ಧನೌಕೆ ನೀಲಗಿರಿ 1972ರಲ್ಲಿ ಮುಂಬೈಯಲ್ಲಿಯೇ ತಯಾರಾಗಿ ನೌಕಾಪಡೆ ಸೇರಿತ್ತು. ಅದನ್ನು ಕಟ್ಟಿದ ಹಿರಿಯರು ನಮಗೆ ಕೆಲಸ ಕಲಿಸಿದರು. ಆಗಿನ್ನೂ ಕಂಪ್ಯೂಟರ್ ಇಲ್ಲ. ದೊಡ್ಡ ಹಾಲಿನ ನೆಲದ ಮೇಲೆ ಹಡಗಿನ ಗೆರೆಗಳನ್ನು ಪೂರ್ತಿ ಗಾತ್ರದಲ್ಲಿ ಎಳೆದು, ಅದರಿಂದ ಮರದ ಅಚ್ಚು ಮಾಡಿ, ಅಚ್ಚಿನಂತೆ ತಗಡು ಕೊಯ್ಯುತ್ತಿದ್ದೆವು. ಜಮ್‌ಶೇಟ್‌ಜಿಯವರ ಕಾಲದ ಪದ್ಧತಿಯೂ ಬಹುಮಟ್ಟಿಗೆ ಇದೇ. ಬೇಸಿಗೆಯಲ್ಲಿ ಹಡಗಿನ ತಳದ ಇಕ್ಕಟ್ಟಿನ ಕೋಣೆಗಳಲ್ಲಿ, ಮಂಡಿಯೂರಿ, ವೆಲ್ಡಿಂಗಿನ ಹೊಗೆಯಲ್ಲಿ ಮಾಡುವ ಕೆಲಸವನ್ನು ಮಾಡಿದವನೇ ಬಲ್ಲ. ಒಂದು ಬೆಸುಗೆ ಕೆಟ್ಟರೆ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ. ಕೆತ್ತಿ ತೆಗೆದು ಮತ್ತೆ ಹಾಕಬೇಕು. ಒಮ್ಮೆ ಕೆಲಸದ ಮೇಲೆ ಡಂಕನ್ ಡಾಕಿಗೆ ಹೋಗುವ ಅವಕಾಶ ಸಿಕ್ಕಿತು. ಅದು ಇಂದಿಗೂ ಬಳಕೆಯಲ್ಲಿದೆ. ಕಲ್ಲಿನ ಮೆಟ್ಟಿಲು ಇಳಿದು ತಳದಲ್ಲಿ ನಿಂತು ಮೇಲೆ ನೋಡಿದಾಗ ನಮ್ಮ ಒಂಬತ್ತನೆಯ ತರಗತಿಯ ಕೋಣೆ ನೆನಪಾಯಿತು.

ಮೊದಲ ರಜೆಗೆ ಊರಿಗೆ ಬಂದಾಗ ಅಪ್ಪನಿಗೆ ಈ ಕಥೆಯೆಲ್ಲ ಹೇಳಿದೆ. ಫಾರ್ಮಿನ ವಿಷಯವನ್ನೂ ಹೇಳಿಬಿಟ್ಟೆ. ಅಪ್ಪ ಅದಕ್ಕೆ ಏನೂ ಅನ್ನಲಿಲ್ಲ. ಉಳಿ ಮಸೆಯುತ್ತಾ ಒಂದೇ ಒಂದು ಪ್ರಶ್ನೆ ಕೇಳಿದ. ಅಷ್ಟು ದೊಡ್ಡ ಹಡಗಿಗೆ ಒಬ್ಬ ಬಡಗಿ ಸಾಕಾಗಲಿಕ್ಕಿಲ್ಲ, ಉಳಿದವರ ಹೆಸರೇನು ಎಂದು. ನಾನು ಸುಮ್ಮನಾದೆ. ಜಮ್‌ಶೇಟ್‌ಜಿಯವರು ಉಳಿಯಿಂದ ಒಂದು ಸಾಲನ್ನಾದರೂ ಕೊರೆದರು. ಅವರ ಕೈಕೆಳಗೆ ಬಾಚಿ ಬೀಸಿದ, ಹತ್ತಿ ತುಂಬಿದ, ಮರ ಹೊತ್ತ ನೂರಾರು ಜನರ ಹೆಸರು ಯಾವ ತೊಲೆಯ ಮೇಲೂ ಇಲ್ಲ. ನಾವು ಕಟ್ಟಿದ ಹಡಗುಗಳೂ ಹಾಗೆಯೇ. ನೀರಿಗಿಳಿಸುವ ದಿನ ವೇದಿಕೆಯ ಮೇಲಿದ್ದವರ ಹೆಸರು ಫಲಕದಲ್ಲಿರುತ್ತದೆ.

ಅಪ್ಪ ಈಗಿಲ್ಲ, ಮಾಸ್ತರೂ ಇಲ್ಲ. ಶಾಲೆಗೆ ಐವತ್ತು ವರ್ಷವಾಯಿತು. ನಮ್ಮ ಹಳೆಯ ಕಟ್ಟಡದ ಗೋಡೆಯಲ್ಲಿ ಉದ್ಘಾಟನೆ ಮಾಡಿದ ಮಂತ್ರಿಗಳ ಹೆಸರಿನ ಕಲ್ಲಿದೆ, ಅದು ಇರಲಿ. ಆದರೆ ಆ ಕಟ್ಟಡಕ್ಕೆ ಚಿರೆಕಲ್ಲು ಕಡಿದವರು, ತಲೆಹೊರೆಯಲ್ಲಿ ಹೊಯಿಗೆ ತಂದ ಊರ ಹೆಂಗಸರು, ಗೋಡೆ ಕಟ್ಟಿದವರು, ಮಾಡು ಹೊದಿಸಿದವರು, ಬಾಗಿಲು ಕಿಟಕಿ ಮಾಡಿದವರು ಯಾರು ಯಾರು ಎಂದು ಬಲ್ಲ ಹಿರಿಯರು ನಮ್ಮೂರಿನಲ್ಲಿ ಇನ್ನೂ ಕೆಲವರಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟರೆ ಕೇಳಲು ಯಾರೂ ಉಳಿದಿರುವುದಿಲ್ಲ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಈ ವರ್ಷದ ಒಂಬತ್ತನೆಯ ತರಗತಿಯ ಮಕ್ಕಳಿಗೆ ವಹಿಸಬೇಕೆಂದು ಮುಖ್ಯಾಧ್ಯಾಪಕರಲ್ಲಿಯೂ ಮಹೋತ್ಸವ ಸಮಿತಿಯವರಲ್ಲಿಯೂ ವಿನಂತಿಸುತ್ತೇನೆ. ಹೆಸರುಗಳ ಫಲಕ ಮಾಡಿಸುವ ಖರ್ಚು ನನ್ನದು. ಮರ ಸಾಗುವಾನಿಯದೇ ಆಗಲಿ. ಅಪ್ಪನ ಉಳಿ ನನ್ನ ಹತ್ತಿರ ಇದೆ. ಅಕ್ಷರ ನಾನೇ ಕೊರೆದುಕೊಡುತ್ತೇನೆ.